ಅಜ್ಜಿ ಊದಿದ ಏಳು ಉಸಿರು

ನಮ್ಮಜ್ಜಿ ಚಿಕ್ಕಲಕ್ಷ್ಮಮ್ಮನಿಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ನಾನು ಅವಳ ಬೆನ್ನ ಹಿಂದೆ ಹೇಳುತ್ತಿಲ್ಲ; ಬದುಕಿದ್ದಾಗ ಎದುರಿಗೇ ಹೇಳಿ ಸೌಟಿನಿಂದ ಏಟು ತಿಂದಿದ್ದೇನೆ. ಪಕ್ಕದ ಮನೆಯವರ ಎಮ್ಮೆ ಒಂದು ಪಾವು ಹಾಲು ಹೆಚ್ಚು ಕರೆದರೆ ಅವತ್ತು ಅವಳಿಗೆ ಮುದ್ದೆ ಇಳಿಯುತ್ತಿರಲಿಲ್ಲ. ಸತ್ತವರ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕು ಎನ್ನುತ್ತಾರೆ ನಮ್ಮ ಕಡೆ. ಆದರೆ ಒಳ್ಳೆಯ ಮಾತಿನಿಂದ ಶುರು ಮಾಡಿದರೆ ಅಜ್ಜಿಯ ಕತೆ ಹೇಳುವುದಕ್ಕೇ ಬರುವುದಿಲ್ಲ. ಹಾಗಾಗಿ ಹೊಟ್ಟೆಕಿಚ್ಚಿನಿಂದಲೇ ಶುರು ಮಾಡುತ್ತೇನೆ.

ಅವಳು ಕೂಟಗಲ್ಲಿನ ಸೂಲಗಿತ್ತಿ. ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಯಾವ ಬಸುರಿಗೆ ನೋವು ಶುರುವಾದರೂ ಮೊದಲು ಅವಳಿಗೇ ಹೇಳಿಕಳಿಸುತ್ತಿದ್ದರು. ಬೇರೆ ಸೂಲಗಿತ್ತಿಯರೂ ಇದ್ದರು, ಇಲ್ಲವೆಂದಲ್ಲ. ಆದರೆ ಅಜ್ಜಿಯ ಹತ್ತಿರ ಅವರಿಗೆ ಬಾರದ ಒಂದು ವಿದ್ಯೆ ಇತ್ತು. ಹುಟ್ಟಿದ ಕೂಸು ಅಳದೆ, ಉಸಿರಾಡದೆ ನೀಲಿಗಟ್ಟಿ ಬಿದ್ದಿದ್ದರೆ ಉಳಿದವರು ಕಂಚಿನ ತಟ್ಟೆ ಬಡಿಯುವರು, ಬೆನ್ನು ತಟ್ಟುವರು, ಹರಕೆ ಹೊರುವರು. ಅಜ್ಜಿ ಕೂಸನ್ನು ಮೊರದ ಮೇಲೆ ಮಲಗಿಸಿ, ಬಾಯೊಳಗಿನ ಲೋಳೆಯನ್ನು ಕಿರುಬೆರಳಿನಿಂದ ತೆಗೆದು, ಅದರ ಮೂಗು ಬಾಯಿ ಎರಡನ್ನೂ ತನ್ನ ಬಾಯಿಂದ ಮುಚ್ಚಿ, ಕೆನ್ನೆ ತುಂಬುವಷ್ಟು ಗಾಳಿಯನ್ನು ಮೆಲ್ಲಗೆ ಊದುತ್ತಿದ್ದಳು. ಒಂದು ಸಲ, ಎರಡು ಸಲ, ಮೂರು ಸಲ. ಕೂಸು ಬಿಕ್ಕಿ, ಕೆಂಪಾಗಿ, ಕಿರುಚಿಕೊಳ್ಳುತ್ತಿತ್ತು. ಹಾಗೆ ಉಳಿದ ಮಕ್ಕಳಿಗೆ ಊರಿನಲ್ಲಿ ‘ಲಕ್ಷ್ಮಮ್ಮನ ಉಸಿರಿನವು’ ಎಂದೇ ಹೆಸರು. ಪಟೇಲ ಕರಿಯಪ್ಪನವರ ಹಿರಿಮಗ ಅಂಥವನೊಬ್ಬ. ಮೀಸೆ ಬಂದ ಮೇಲೂ ದಾರಿಯಲ್ಲಿ ಅಜ್ಜಿಯನ್ನು ಕಂಡರೆ ಆತ ಹೆಗಲ ಮೇಲಿನ ವಸ್ತ್ರ ಇಳಿಸುತ್ತಿದ್ದ.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ನಮ್ಮಲ್ಲಿ ಒಂದು ಪದ್ಧತಿ. ಹೆರಿಗೆಯಲ್ಲಿ ಕೂಸನ್ನು ಎತ್ತಿದ ಕೈಯೇ ಅದನ್ನು ಮೊದಲು ತೊಟ್ಟಿಲಿಗೂ ಇಡಬೇಕು. ಕೂಸಿನ ಅಜ್ಜಿಯಾಗಲಿ, ಸೋದರತ್ತೆಯಾಗಲಿ ಆಮೇಲೆ. ಆಗ ಮನೆಯವರು ಸೂಲಗಿತ್ತಿಗೆ ಹೊಸ ಮೊರದ ತುಂಬ ಅಕ್ಕಿ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ ಇಟ್ಟು ಎಲ್ಲರೆದುರು ಕೊಡುತ್ತಾರೆ. ಆ ಮೊರ ಹಿಡಿದು ಅಜ್ಜಿ ಮನೆಗೆ ಬರುವಾಗ ಹತ್ತಿರದ ದಾರಿ ಬಿಟ್ಟು ಊರೆಲ್ಲ ಸುತ್ತಿಕೊಂಡು ಬರುತ್ತಿದ್ದಳಂತೆ. ನೋಡಬೇಕಾದವರು ನೋಡಲಿ ಅಂತ.

ಯೂರೋಪಿನಲ್ಲಿ ಎರಡನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮುಂಚೆ ಕ್ಲೋಸ್‌ಪೇಟೆಯ ಸರ್ಕಾರಿ ಆಸ್ಪತ್ರೆಗೆ ಅಂಬುಜಮ್ಮ ಎಂಬಾಕೆ ಮಿಡ್‌ವೈಫ್ ಆಗಿ ಬಂದಳು. ಈಗ ರಾಮನಗರ ಎನ್ನುವ ಊರಿಗೆ ಆಗ ಅದೇ ಹೆಸರು. ಅಂಬುಜಮ್ಮನಿಗೆ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಗಂಡ ಚನ್ನಪಟ್ಟಣದ ಶಾಲೆಯಲ್ಲಿ ಮೇಷ್ಟರು. ಆಕೆ ಬೆಂಗಳೂರಿನಲ್ಲಿ ಎರಡು ವರ್ಷ ಇದೇ ಕೆಲಸ ಕಲಿತು ಬಂದವಳು. ಕಾಲಿಗೆ ಚಪ್ಪಲಿ, ಕೈಯಲ್ಲಿ ಕರಿ ಛತ್ರಿ, ಗಾಡಿ ಇಳಿದರೆ ಹಿಂದೆಯೇ ಒಂದು ಚರ್ಮದ ಚೀಲ. ಅಜ್ಜಿಗೆ ಆಕೆಯ ಹೆಸರು ಕೊನೆಯವರೆಗೂ ಬಾಯಿಗೆ ಬರಲಿಲ್ಲ. ಚೀಲದೋಳು ಎಂದೇ ಅನ್ನುತ್ತಿದ್ದಳು.

ಆ ಚೀಲದಲ್ಲಿ ಸೋಪು, ಕತ್ತರಿ, ದಾರ ಅಲ್ಲದೆ ಮರದ ಒಂದು ಕೊಳವೆ ಇತ್ತು. ಗೇಣುದ್ದ, ಒಂದು ಕಡೆ ಅಗಲ. ಅಗಲದ ಕಡೆಯನ್ನು ಬಸುರಿಯ ಹೊಟ್ಟೆಯ ಮೇಲಿಟ್ಟು ಇನ್ನೊಂದು ಕಡೆ ಕಿವಿ ಕೊಟ್ಟರೆ ಒಳಗಿನ ಕೂಸಿನ ಎದೆಬಡಿತ ಕೇಳುತ್ತಿತ್ತು. ಬೆಂಗಳೂರಿನಿಂದ ತಂದದ್ದು ಗಾಡಿಯಿಂದ ಬಿದ್ದು ಸೀಳಿಹೋದಾಗ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಪೀರ್ ಸಾಬರು ಅದೇ ಅಳತೆಗೆ ಇನ್ನೊಂದನ್ನು ಕಡೆದುಕೊಟ್ಟು, ತಮ್ಮ ಬೊಂಬೆಗಳಿಗೆ ಹಾಕುವ ಕೆಂಪು ಅರಗಿನ ಬಣ್ಣವನ್ನೇ ಹಚ್ಚಿದ್ದರು. ಹಾಗಾಗಿ ಊರ ಹೆಂಗಸರು ಅದನ್ನು ಅಂಬುಜಮ್ಮನ ಪೀಪಿ ಎನ್ನುತ್ತಿದ್ದರು.

“ಹೊಟ್ಟೆ ಮ್ಯಾಲೆ ಕೈ ಇಕ್ಕುದ್ರೆ ಗೊತ್ತಾಗ್ಬೇಕು ಕಣ್ರವ್ವ,” ಎಂದು ಅಜ್ಜಿ ಬಾವಿಕಟ್ಟೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳಂತೆ. “ಪೀಪಿ ಇಕ್ಕೊಂಡು ಕೇಳಕೆ ಒಳಗಿರೋ ಕೂಸೇನು ಹರಿಕತೆ ಮಾಡ್ತದಾ?”

ಎಲ್ಲರೂ ನಕ್ಕರು. ಆದರೆ ಮುಂದಿನ ತಿಂಗಳು ಬೋರಲಿಂಗಯ್ಯನವರ ಸೊಸೆಯ ಹೊಟ್ಟೆಯಲ್ಲಿ ಕೂಸು ಅಡ್ಡ ನಿಂತಾಗ, ಅಜ್ಜಿ ಅರ್ಧ ದಿನ ಎಣ್ಣೆ ನೀವಿದರೂ ತಿರುಗದೆ ಇದ್ದಾಗ, ಅವರು ಗಾಡಿ ಕಟ್ಟಿಸಿ ಅಂಬುಜಮ್ಮನನ್ನು ಕರೆಸಿದರು. ಆಕೆ ಬಂದು ಕೂಸನ್ನು ತಿರುಗಿಸಿ ಜೀವಂತ ತೆಗೆದಳು. ತೊಟ್ಟಿಲ ದಿನ ಅಜ್ಜಿ ಒಗೆದ ಸೀರೆ ಉಟ್ಟು ಮುಂದೆಯೇ ಕೂತಿದ್ದಳು. ಮೊರ ಅವಳ ಮುಂದಿನಿಂದ ಹಾದು ಅಂಬುಜಮ್ಮನ ಮಡಿಲಿಗೆ ಹೋಯಿತು. ಅವತ್ತು ಸಂಜೆ ನಮ್ಮ ಮನೆಯಲ್ಲಿ ರಾಗಿ ಬೀಸಿದ ಸದ್ದು ಇಡೀ ಕೇರಿಗೆ ಕೇಳಿಸಿತು ಎಂದು ಅವ್ವ ಹೇಳುತ್ತಿದ್ದಳು.

ಅಲ್ಲಿಂದ ಅಜ್ಜಿಗೆ ನಿದ್ದೆಯಿಲ್ಲ. ಅಂಬುಜಮ್ಮನ ಗಾಡಿ ಊರಿಗೆ ಬಂದರೆ ಯಾವ ಮನೆ ಮುಂದೆ ನಿಂತಿತು ಎಂದು ಹುಲ್ಲಿನ ಬಣವೆ ಹಿಂದೆ ನಿಂತು ನೋಡುತ್ತಿದ್ದಳು. ಆಕೆ ಹುಷಾರಿಲ್ಲದೆ ಎರಡು ವಾರ ಬರದಿದ್ದಾಗ ಮಾರಮ್ಮನಿಗೆ ಕಾಯಿ ಒಡೆಸಿದಳು. ಇದಕ್ಕಿಂತ ನಾಚಿಕೆಗೇಡಿನದು ಇನ್ನೊಂದು. ನನ್ನ ಅಪ್ಪ ರಾಮಲಿಂಗಯ್ಯ ಕ್ಲೋಸ್‌ಪೇಟೆಯ ರೈಲು ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದ. ಅವನ ಕೈಯಲ್ಲಿ ಗುಟ್ಟಾಗಿ ಒಂದು ಸೋಪು ತರಿಸಿಕೊಂಡು ರಾಗಿ ತುಂಬಿಡುವ ವಾಡೆಯೊಳಗೆ ಬಚ್ಚಿಟ್ಟಿದ್ದಳು. ಹೆರಿಗೆಗೆ ಹೋಗುವ ಮುಂಚೆ ಹಿತ್ತಿಲಲ್ಲಿ ಯಾರೂ ಕಾಣದ ಹಾಗೆ ಕೈ ತೊಳೆಯುತ್ತಿದ್ದಳು. ಯಾರಾದರೂ ಏನು ವಾಸನೆ ಎಂದರೆ ಮಲ್ಲಿಗೆ ಎನ್ನುತ್ತಿದ್ದಳು.

ಇಷ್ಟರಲ್ಲಿ ನನ್ನ ಅವ್ವ ಸಣ್ಣತಾಯಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ದಿನ ತುಂಬುತ್ತಿದ್ದ ಹಾಗೆ ಅಪ್ಪ ಬಂದು ಅಜ್ಜಿಯ ಮುಂದೆ ಕೂತು ಹೆದರಿಕೊಂಡೇ ಮಾತು ತೆಗೆದ.

“ಅತ್ತೆಮ್ಮ, ನೀವಂತೂ ಇದ್ದೇ ಇರ್ತೀರಿ. ಆ ಅಮ್ನೂ ಒಸಿ ಕರ್ಕೊಂಬತ್ತೀನಿ. ಇಬ್ರಿದ್ರೆ ತೆಪ್ಪೇನು?”

“ಮುನ್ನೂರು ಕೂಸು ಎತ್ತಿರೋ ಕೈ ಅಳಿಯಂದ್ರೇ ಇದು. ನನ್ ಮಗ್ಳ ಹೊಟ್ಟೇಲಿರೋದು ಆ ಚೀಲದೋಳ್ಗೆ ಗೊತ್ತಾಯ್ತದೆ, ನಂಗೆ ಗೊತ್ತಾಗಕಿಲ್ವಾ?”

ಅವ್ವ ಗೋಡೆಗೆ ಒರಗಿಕೊಂಡು, “ನಂಗೆ ಹೆದ್ರಿಕೆ ಆಯ್ತದೆ ಕಣವ್ವ. ಇಬ್ರೂ ಇರ್ರಿ,” ಎಂದಳು. ಹೆತ್ತ ಮಗಳೇ ಹಾಗಂದದ್ದು ಅಜ್ಜಿಗೆ ಚುಚ್ಚಿತು. ಬೇರೆ ಮನೆಗಳು ಕೈ ತಪ್ಪಿದಾಗ ಆದ ಸಂಕಟ ಒಂದು, ತನ್ನ ಮನೆಯೇ ಹೋಗುವ ಸಂಕಟ ಇನ್ನೊಂದು. ಸರಿ ಎಂದಳು, ಆದರೆ ಕೂಸನ್ನು ಎತ್ತುವ ಕೈ ತನ್ನದೇ ಆಗಬೇಕು ಎಂದು ಮನಸ್ಸಿನಲ್ಲೇ ಹಟ ತೊಟ್ಟಳು.

ನೋವು ಶುರುವಾದ ದಿನ ಅಪ್ಪ ಅಂಬುಜಮ್ಮನನ್ನು ಕರೆತಂದ. ಮಧ್ಯಾಹ್ನ ಊಟದ ಹೊತ್ತಿಗೆ ಕೂಸು ಹುಟ್ಟಿತು. ಗಂಡು. ಅಜ್ಜಿಯೇ ಹಿಡಿದಳು, ಅಂಬುಜಮ್ಮ ಹಿಡಿಯಲು ಬಿಟ್ಟಳು. ಕೂಸು ಒಂದು ಸಲ ಕೀರಲು ದನಿಯಲ್ಲಿ ಅತ್ತು ಆಮೇಲೆ ಏದುಸಿರು ಬಿಡತೊಡಗಿತು. ಹೊಟ್ಟೆ ಒಳಕ್ಕೆ ಎಳೆದುಕೊಂಡು ಬೆನ್ನಿಗೆ ಅಂಟಿದ ಹಾಗಿತ್ತು. ಎದೆ ಮಾತ್ರ ಬುಟ್ಟಿ ಕವುಚಿದಂತೆ ಉಬ್ಬಿತ್ತು. ತುಟಿ ನೀಲಿಯಾಯಿತು. ಮುನ್ನೂರು ಕೂಸು ಕಂಡವಳಿಗೆ ಇಂಥ ಮೈಕಟ್ಟು ಹೊಸದು ಎಂದು ಗೊತ್ತಾಗಲಿಲ್ಲವೆ? ಗೊತ್ತಾಯಿತಂತೆ. ಆದರೆ ಅದಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿ ಅಂಬುಜಮ್ಮ ನೋಡುತ್ತಿದ್ದಾಳೆ ಎಂಬುದು ಗೊತ್ತಿತ್ತು. ಎರಡು ವರ್ಷದಿಂದ ಕಾದ ಗಳಿಗೆ ಬಂದಿತ್ತು.

“ನಿನ್ ಚೀಲ್ದಲ್ಲಿ ಇಂಥದ್ದು ಐತೇನವ್ವ? ನೋಡ್ಕೊ,” ಎಂದು ಕೂಸನ್ನು ಮೊರದ ಮೇಲಿಟ್ಟು ಊದಿದಳು.

ಮೂರು ಸಲ ಊದಿದಳು. ಪ್ರತಿ ಸಲ ಕೂಸು ಕೆಂಪಾಗುವ ಬದಲು ಇನ್ನಷ್ಟು ಕಪ್ಪಾಯಿತು. ಅಂಬುಜಮ್ಮ ಮಂಡಿಯೂರಿ ಕೊಳವೆಯನ್ನು ಕೂಸಿನ ಎಡ ಎದೆಗೆ ಇಟ್ಟು ಕೇಳಿದಳು, ಬಲಕ್ಕೆ ಇಟ್ಟು ಕೇಳಿದಳು.

“ನಿಲ್ಸಿ ಅಮ್ಮ, ಊದಬೇಡಿ. ಗಾಳಿ ಎದೆಗೆ ಹೋಗ್ತಾ ಇಲ್ಲ.”

ಬಾಗಿಲಾಚೆ ನಿಂತಿದ್ದ ನೆರೆಯ ಹೆಂಗಸರಿಗೆಲ್ಲ ಆ ಮಾತು ಕೇಳಿಸಿತು. ಅಜ್ಜಿ ತಲೆ ಎತ್ತಲಿಲ್ಲ. ತನ್ನ ವಿದ್ಯೆ ಕಂಡು ಇವಳಿಗೆ ಹೊಟ್ಟೆ ಉರಿಯಿತು ಎಂದುಕೊಂಡಳು. ತನಗಿದ್ದದ್ದೇ ಅವಳಿಗೂ ಇದೆ ಎಂದು ತಿಳಿದುಕೊಂಡಳು. ಮತ್ತೆ ಊದಿದಳು.

“ನಾಲ್ಕಾಯ್ತು ಅಮ್ಮ, ಸಾಕು.”

ಮತ್ತೆ ಊದಿದಳು.

“ಐದು. ನಿಮ್ಮ ಕಾಲಿಗೆ ಬೀಳ್ತೀನಿ, ಬಿಡಿ.” ಆರು ಎಂದಾಗ ಅಂಬುಜಮ್ಮನ ದನಿ ಒಡೆದಿತ್ತು. ಏಳು ಎಂದವಳೇ ಅಜ್ಜಿಯ ರಟ್ಟೆ ಹಿಡಿದು ಎಳೆದು, ಅವಳ ತಲೆಯನ್ನು ಬಗ್ಗಿಸಿ, ಕೊಳವೆಗೆ ಅವಳ ಕಿವಿಯನ್ನು ಒತ್ತಿ ಹಿಡಿದು, “ನೀವೇ ಕೇಳಿ,” ಎಂದಳು.

ಎರಡು ವರ್ಷ ಆಡಿಕೊಂಡು ನಕ್ಕ ಪೀಪಿಯೊಳಗೆ ಅಜ್ಜಿ ಮೊದಲ ಸಲ ಕೇಳಿದಳು. ಎಡಗಡೆ ಇರಬೇಕಾದ ಎದೆಬಡಿತ ಅಲ್ಲಿರಲಿಲ್ಲ. ಅದು ಬಲಕ್ಕೆ ಸರಿದು ಓಡುತ್ತಿತ್ತು. ಎಡಗಡೆ ಎದೆಯೊಳಗಿಂದ ಬಂದದ್ದು ಗುಳುಗುಳು ಸದ್ದು. ಅದು ಕರುಳಿನ ಸದ್ದು ಎಂದು ಸೂಲಗಿತ್ತಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಾನು ಊದಿದ ಗಾಳಿ ಅಲ್ಲಿ ಸೇರಿಕೊಂಡು ಗುಳುಗುಡುತ್ತಿತ್ತು. ಅಜ್ಜಿ ಹಿಂದೆ ಸರಿದು ಗೋಡೆಗೆ ಬೆನ್ನು ಹಚ್ಚಿ ಕೂತಳು.

ಅಂಬುಜಮ್ಮ ಕೂಸನ್ನು ಎಡಮಗ್ಗುಲಿಗೆ ಮಲಗಿಸಿ, ಮಡಿಸಿದ ಸೀರೆಯನ್ನು ತಲೆ ಎದೆಯ ಕೆಳಗೆ ಎತ್ತರ ಮಾಡಿ ಇಟ್ಟಳು. ಸ್ವಲ್ಪ ಹೊತ್ತಿಗೆ ತುಟಿಯ ನೀಲಿ ಒಂದಿಷ್ಟು ಇಳಿಯಿತು. ಮಾರನೆಯ ದಿನ ಆಸ್ಪತ್ರೆಯ ಡಾಕ್ಟರು ಬಂದು ನೋಡಿ ಆಕೆ ಹೇಳಿದ್ದೇ ಸರಿ ಎಂದರು. ಎದೆಗೂ ಹೊಟ್ಟೆಗೂ ನಡುವೆ ಒಂದು ತೆಳುವಾದ ಪರದೆ ಇರುತ್ತದೆ, ವಪೆ ಅಂತ. ಕೂಸು ಬಸಿರಿನಲ್ಲಿ ಬೆಳೆಯುವಾಗಲೇ ಅದರಲ್ಲಿ ತೂತು ಉಳಿದುಬಿಟ್ಟಿದೆ, ಕರುಳು ಮೇಲೆ ಹತ್ತಿ ಎದೆಯಲ್ಲಿ ಸೇರಿಕೊಂಡಿದೆ, ಉಸಿರಿನ ಚೀಲ ಬೆಳೆಯುವುದಕ್ಕೇ ಜಾಗವಿರಲಿಲ್ಲ ಎಂದರು. ಇಷ್ಟು ಎಳೆಯ ಕೂಸಿನ ತೂತು ಹೊಲಿಯುವವರು ಬೆಂಗಳೂರಿನಲ್ಲೂ ಇಲ್ಲ ಎಂದು ಹೇಳಿ ಹೋದರು. ಅಂಬುಜಮ್ಮ ಎರಡು ದಿನ ನಮ್ಮ ಮನೆಯಲ್ಲೇ ಇದ್ದು ಹತ್ತಿಯಲ್ಲಿ ಅದ್ದಿ ತೊಟ್ಟು ತೊಟ್ಟು ಹಾಲು ಹಿಂಡಿದಳು. ಮೂರನೆಯ ದಿನ ಬೆಳಿಗ್ಗೆ ನನ್ನ ಅಣ್ಣ ಹೋದ. ಅವನಿಗೆ ಇನ್ನೂ ಹೆಸರಿಟ್ಟಿರಲಿಲ್ಲ.

ಮಣ್ಣು ಮಾಡಿ ಬರುವಷ್ಟರಲ್ಲಿ ಊರಿನಲ್ಲಿ ಮಾತು ಹಬ್ಬಿಯಾಗಿತ್ತು. ಲಕ್ಷ್ಮಮ್ಮ ಉಸಿರು ಊದಿ ಉಳಿಸುತ್ತಿದ್ದಳು, ಚೀಲದವಳು ಬೇಡ ಬೇಡ ಅಂತ ತಡೆದು ಕೂಸನ್ನು ಕೊಂದಳು. ಬಾಗಿಲಾಚೆ ನಿಂತಿದ್ದವರೇ ಸಾಕ್ಷಿ. ಅವ್ವ ನೋವಿನಲ್ಲಿ ಅರ್ಧ ಎಚ್ಚರ ತಪ್ಪಿ ಮಲಗಿದ್ದಳು, ಅವಳಿಗೂ ‘ಊದಬೇಡಿ’ ಎಂದದ್ದೊಂದೇ ನೆನಪು. ಡಾಕ್ಟರು ಹೇಳಿದ ತೂತಿನ ಮಾತು ಯಾರ ತಲೆಗೂ ಹತ್ತಲಿಲ್ಲ. ಒಳಗೆ ನಡೆದದ್ದು ಪೂರ್ತಿ ಗೊತ್ತಿದ್ದವರು ಇಬ್ಬರೇ. ಅದರಲ್ಲಿ ಒಬ್ಬಳು ಛತ್ರಿ ಬಿಚ್ಚಿಕೊಂಡು ಕ್ಲೋಸ್‌ಪೇಟೆಗೆ ಹೋದಳು. ಇನ್ನೊಬ್ಬಳು ನಮ್ಮಜ್ಜಿ.

ಅಜ್ಜಿ ಬಾಯಿ ಬಿಡಲಿಲ್ಲ. ಒಂದು ದಿನವಲ್ಲ ಎರಡು ದಿನವಲ್ಲ, ಎರಡು ತಿಂಗಳು. ಕೈ ತಪ್ಪಿದ ಮನೆಗಳೆಲ್ಲ ಒಂದೊಂದಾಗಿ ವಾಪಸು ಬಂದವು. ಬೋರಲಿಂಗಯ್ಯನವರ ಮನೆಯಿಂದಲೂ ಹೇಳಿಕಳಿಸಿದರು. ಅಂಬುಜಮ್ಮನ ಗಾಡಿ ಊರಿಗೆ ಬಂದರೆ ಹೆಂಗಸರು ಬಾಗಿಲು ಹಾಕಿಕೊಂಡರು. ಅಜ್ಜಿಗೆ ಮತ್ತೆ ಎರಡು ಮೊರ ಬಂತು. ಸ್ವಂತ ಮೊಮ್ಮಗ ಸತ್ತ ಮನೆಗೆ ಆ ಮೊರಗಳನ್ನು ಹೇಗೆ ತಂದಳೋ! ಈ ಎರಡು ತಿಂಗಳಿಗಾಗಿ ನಾನು ಅವಳನ್ನು ಇವತ್ತಿಗೂ ಕ್ಷಮಿಸಿಲ್ಲ. ಆದರೆ ಆ ಮೊರಗಳನ್ನು ಹಿಡಿದು ಊರು ಸುತ್ತಲಿಲ್ಲವಂತೆ, ಹಿತ್ತಿಲ ಬಾಗಿಲಿಂದ ಒಳಗೆ ಬಂದಳಂತೆ. ಊದುವ ಪ್ರಸಂಗ ಆ ಎರಡು ಹೆರಿಗೆಯಲ್ಲೂ ಬರಲಿಲ್ಲ.

ಪಟೇಲ ಕರಿಯಪ್ಪನವರಿಗೆ ಅಂಬುಜಮ್ಮನ ಮೇಲೆ ಮೊದಲೇ ಸಿಟ್ಟಿತ್ತು. ಕೊಟ್ಟಿಗೆ ಪಕ್ಕದ ಕತ್ತಲೆ ಕೋಣೆಯಲ್ಲಿ ಬಾಣಂತಿಯನ್ನು ಮಲಗಿಸಬೇಡಿ ಎಂದು ಆಕೆ ಅವರ ಮನೆಯಲ್ಲಿ ಹೇಳಿದ್ದಳು. ಈಕೆ ನಮಗೆ ಬೇಡ, ವರ್ಗ ಮಾಡಿ ಎಂದು ಅವರು ಊರವರಿಂದ ಹೆಬ್ಬೆಟ್ಟು ಒತ್ತಿಸಿ ಅರ್ಜಿ ಕಳಿಸಿದರು. ಅದನ್ನು ವಿಚಾರಿಸುವುದಕ್ಕೆ ಕಂದಾಯ ಇಲಾಖೆಯ ಶೇಕದಾರರು ಬಂದು ಚಾವಡಿಯಲ್ಲಿ ಕೂತರು. ಊರಿಗೆ ಊರೇ ಸೇರಿತ್ತು. ಅಂಬುಜಮ್ಮ ಕಂಬದ ಪಕ್ಕ ನಿಂತಿದ್ದಳು, ಅಜ್ಜಿಯನ್ನು ಎದುರಿಗೆ ಕೂರಿಸಿದ್ದರು. ಅವತ್ತು ಅಂಬುಜಮ್ಮನಿಗೆ ವರ್ಗವಾಗುವುದು ಎಲ್ಲರ ಪಾಲಿಗೂ ಖಾತ್ರಿಯಾಗಿತ್ತು. ಅಜ್ಜಿ ಸುಮ್ಮನೆ ಕೂತಿದ್ದರೆ ಸಾಕಿತ್ತು.

ಶೇಕದಾರರು ಕೇಳಿದರು: “ಮಗುವಿಗೆ ಉಸಿರು ಕೊಡುತ್ತಿದ್ದವರನ್ನು ನೀವು ತಡೆದದ್ದು ನಿಜವೇ?”

“ನಿಜ ಸ್ವಾಮಿ.” ಅಂಬುಜಮ್ಮ ತೂತಿನ ವಿಷಯ, ಕರುಳಿನ ವಿಷಯ ಎಲ್ಲ ವಿವರಿಸಿದಳು. ಊದಿದರೆ ಗಾಳಿ ಕರುಳಿಗೂ ತುಂಬಿ, ಎದೆಯಲ್ಲಿ ಉಳಿದಿರುವ ಅಷ್ಟೋ ಇಷ್ಟೋ ಜಾಗವನ್ನೂ ಒತ್ತುತ್ತದೆ ಎಂದಳು. ಜನರಿಗೆ ಒಂದೂ ಅರ್ಥವಾಗಲಿಲ್ಲ. ಎದೆಯೊಳಗೆ ಕರುಳಂತೆ ಎಂದು ಯಾರೋ ನಕ್ಕರು.

“ಹಾಗಾದರೆ ಇವರು ಊದಿದ್ದರಿಂದ ಮಗು ಸತ್ತಿತು ಎನ್ನುತ್ತೀರೋ?”

ಅಂಬುಜಮ್ಮ ಒಂದು ಸಲ ಅಜ್ಜಿಯ ಕಡೆ ನೋಡಿದಳು. “ಇಲ್ಲ ಸ್ವಾಮಿ. ಆ ಮಗು ಹೇಗೂ ಉಳೀತಿರಲಿಲ್ಲ. ಯಾರ ತಪ್ಪೂ ಇಲ್ಲ.”

“ನೀವು ತಡೆಯುವ ಮೊದಲು, ಆಮೇಲೆ, ಒಟ್ಟು ಎಷ್ಟು ಸಲ ಊದಿದರು?”

“ನಾನು ಎಣಿಸಲಿಲ್ಲ.”

ಅಜ್ಜಿ ಕೂತಲ್ಲಿಂದ ಎದ್ದೇಬಿಟ್ಟಳು.

“ಏಳು ಸಲ!” ಎಂದು ಕೂಗಿದಳು. “ಬರ್ಕೊಳ್ಳಿ ಬುದ್ದಿ, ಏಳು. ಮೂರು ಊದಿದ್ ಮ್ಯಾಲೆ ಅವ್ಳು ಬ್ಯಾಡ ಅಂದ್ಲು. ಆಮ್ಯಾಲೆ ನಾಕು ಸಲ ಊದ್ದೆ, ಅವ್ಳ ಮ್ಯಾಲಿನ್ ಹೊಟ್ಟೆಕಿಚ್ಚಿಗೆ ಊದ್ದೆ. ನನ್ ಮೊಮ್ಮಗುನ್ ಎದೇಲಿ ಕರುಳು ಗುಳುಗುಡೋದ ನನ್ ಈ ಕಿವೀಲೇ ಕೇಳಿವ್ನಿ. ನಗೋರು ನಗ್ರಿ. ನಂಗೆ ಗೊತ್ತಿದ್ದೂ ಎರಡು ತಿಂಗ್ಳು ಬಾಯ್ ಮುಚ್ಕೊಂಡಿದ್ದೆ. ಅವ್ಳುದೇನೂ ತೆಪ್ಪಿಲ್ಲ.”

ಒಳಗಿನ ಕಂಬದ ಹತ್ತಿರ ನಿಂತಿದ್ದ ನನ್ನ ಅವ್ವ ತಲೆ ಮೇಲೆ ಸೆರಗು ಎಳೆದುಕೊಂಡು ಮನೆಗೆ ಹೊರಟುಹೋದಳು. ಆರು ತಿಂಗಳು ಅವಳು ಅಜ್ಜಿಯ ಜೊತೆ ಮಾತಾಡಲಿಲ್ಲ.

ಅರ್ಜಿ ಅಲ್ಲಿಗೆ ಬಿದ್ದುಹೋಯಿತು. ಅಂಬುಜಮ್ಮ ಉಳಿದಳು. ಅಜ್ಜಿಗೆ ಮಾತ್ರ ಮನೆಗಳು ಹೋದವು, ಈ ಸಲ ಮತ್ತೆ ಬರದ ಹಾಗೆ. ಮೊಮ್ಮಗನನ್ನು ತಿಂದವಳು ಎಂದು ಬಾವಿಕಟ್ಟೆಯಲ್ಲಿ ಅವಳ ಕಿವಿಗೆ ಬೀಳುವ ಹಾಗೆಯೇ ಅಂದರು. ಹೆಗಲ ವಸ್ತ್ರ ಇಳಿಸುವುದನ್ನು ಬಿಡದವನು ಪಟೇಲರ ಮಗ ಒಬ್ಬನೇ.

ಎರಡು ವರ್ಷಕ್ಕೆ ಅವ್ವನಿಗೆ ಮತ್ತೆ ದಿನ ತುಂಬಿತು. ಆಗ ಅಜ್ಜಿ ಯಾರಿಗೂ ಹೇಳದೆ ಬೆಳಿಗ್ಗೆ ಎದ್ದು ಕ್ಲೋಸ್‌ಪೇಟೆಯವರೆಗೆ ನಡೆದುಹೋಗಿ, ಆಸ್ಪತ್ರೆಯ ಬಾಗಿಲಲ್ಲಿ ನಿಂತು, “ನನ್ ಮಗ್ಳು ನೋವು ತಿಂತಾವ್ಳೆ, ಬಾ,” ಎಂದಳಂತೆ. ಒಂದು ನಮಸ್ಕಾರವಿಲ್ಲ, ಒಂದು ಅಮ್ಮ ತಾಯಿ ಇಲ್ಲ. ಅಂಬುಜಮ್ಮ ಅವಳನ್ನು ಗಾಡಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಬಂದಳು. ನಾನು ಹುಟ್ಟಿದೆ. ಹುಟ್ಟಿದ ಕೂಡಲೇ ಊರು ಹಾರುವ ಹಾಗೆ ಕಿರುಚಿದೆನಂತೆ, ಯಾರೂ ಊದುವ ಅಗತ್ಯವೇ ಬೀಳಲಿಲ್ಲ. ತೊಟ್ಟಿಲ ದಿನ ಮೊರ ಅಂಬುಜಮ್ಮನಿಗೆ ಹೋಯಿತು. ಅಪ್ಪ ನನಗೆ ಆಕೆಯ ಹೆಸರನ್ನೇ ಇಟ್ಟ. ಅಜ್ಜಿ ಸಾಯುವವರೆಗೆ ನನ್ನನ್ನು ಆ ಹೆಸರು ಹಿಡಿದು ಕರೆಯಲಿಲ್ಲ. ‘ಏ ಕೂಸೆ’ ಎನ್ನುತ್ತಿದ್ದಳು, ನನಗೆ ಎರಡು ಮಕ್ಕಳಾದ ಮೇಲೂ.

ಕಡೆಗಾಲದಲ್ಲಿ ಅವಳ ಕಾಲಿಗೆ ಹರಳೆಣ್ಣೆ ತಿಕ್ಕುತ್ತಾ ಕೂತಿದ್ದಾಗ ಒಂದು ದಿನ ನನಗೆ ಅವಳ ಮೇಲೆ ಪ್ರೀತಿ ಬಂದುಬಿಟ್ಟಿತು. ಬರಬಾರದಿತ್ತು, ಬಂತು. “ಅಜ್ಜಿ, ಏನೇ ಆಗ್ಲಿ, ಅವತ್ತು ಚಾವಡೀಲಿ ಎದ್ದು ನಿಂತ್ಕೊಂಡು ನಿಜ ಹೇಳ್ದೆಯಲ್ಲ, ನೀನು ದೊಡ್ಡೋಳು ಕಣಜ್ಜಿ,” ಎಂದೆ.

ಅವಳು ಕಾಲು ಕಿತ್ತುಕೊಂಡಳು.

“ಒಳ್ಳೆತನಕ್ಕೆ ಹೇಳ್ದೆ ಅನ್ಕೊಂಡಿದ್ದೀಯಾ? ಅವ್ಳು ಎಣಿಸಿದ್ಲು ಕಣೆ. ಒಂದೊಂದ್ನೂ ಬಾಯ್ಬುಟ್ಟು ಎಣಿಸಿದ್ಲು. ಎಣಿಸ್ಬುಟ್ಟು, ಅಷ್ಟು ಜನುದ್ ಮುಂದೆ ನನ್ನ ಉಳ್ಸಕೆ ಎಣಿಸ್ಲಿಲ್ಲ ಅಂದ್ಬುಟ್ಲು. ನನ್ ಮನೆಗೋಳ್ನ ತಕ್ಕೊಂಡ್ಲು, ಮೊರ ತಕ್ಕೊಂಡ್ಲು. ಇನ್ನ ದೊಡ್ಡೋಳು ಅನ್ನಿಸ್ಕೊಳದ್ನೂ ಅವ್ಳಿಗೇ ಬುಟ್ಕೊಟ್ಟು ಕೂತ್ಕೊಳ್ಳಕೆ ನಂಗೇನು ಹೊಟ್ಟೇಲಿ ಬೆಂಕಿ ಇರ್ನಿಲ್ವಾ?”